ಬರಿಗಾಲಿನ ಗುಂಡು

ನಮ್ಮ ಕನ್ನಡ ಸಂಘದ ಶನಿವಾರದ ಹರಟೆ ಯಾವತ್ತೂ ಹಾಕಿಕೊಂಡ ವಿಷಯದ ಮೇಲೆ ನಿಂತದ್ದಿಲ್ಲ. ಮೊನ್ನೆ ವಿಷಯ ಇದ್ದದ್ದು ‘ತಾಂತ್ರಿಕ ಪದಗಳಿಗೆ ಕನ್ನಡ’. ಹೋಗಿ ಮುಟ್ಟಿದ್ದು ಕೋವಿಗೆ. ನಮ್ಮಲ್ಲೊಬ್ಬ ಅಮೆರಿಕದ ಬೇಟೆಗಾರನ ವಿಡಿಯೋ ನೋಡಿ ಬಂದಿದ್ದ. ಬಾಯಿಯಿಂದ ಮದ್ದು ತುಂಬುವ ರೈಫಲ್ಲಿಗೆ ‘ಸ್ಯಾಬಟ್’ ಇಲ್ಲದ ಗುಂಡು ಯಾವುದು ಒಳ್ಳೆಯದು ಅಂತ ಅರ್ಧ ಗಂಟೆ ಮಾತಾಡಿದ್ದಾನಂತೆ ಆ ಪುಣ್ಯಾತ್ಮ. “ಸ್ಯಾಬಟ್‌ಗೆ ಕನ್ನಡದಲ್ಲಿ ಎಂತ ಹೇಳುದು?” ಅಂತ ಇವನ ಪ್ರಶ್ನೆ. ಫ್ರೆಂಚಿನಲ್ಲಿ ಆ ಪದಕ್ಕೆ ಮರದ ಪಾದರಕ್ಷೆ ಅಂತ ಅರ್ಥ. ಹಾಗಾದರೆ ‘ಹಾವುಗೆ’ ಅನ್ನಬಹುದು, ಹಾವುಗೆ ಇಲ್ಲದ್ದು ‘ಬರಿಗಾಲಿನ ಗುಂಡು’ ಅಂತ ಇನ್ನೊಬ್ಬಳು ಹೇಳಿದಳು. ಎಲ್ಲರೂ ನಕ್ಕೆವು.

ಆಮೇಲೆ ಕೊಡಗಿನಿಂದ ಬಂದ ಗೆಳತಿ ಒಂದೇ ಮಾತು ಕೇಳಿದಳು: “ಬರಿಗಾಲಲ್ಲಿ ಹೋದ್ರೆ ಗುಂಡು ನಳಿಗೆಯೊಳಗೆ ಅಲ್ಲಾಡೋದಿಲ್ವಾ?” ನಾಲ್ಕು ಜನ ಮೆಕ್ಯಾನಿಕಲ್‌ನವರು ಅಲ್ಲೇ ಕೂತಿದ್ದೆವು. ಒಬ್ಬರಿಗೂ ನೆಟ್ಟಗೆ ಉತ್ತರ ಬರಲಿಲ್ಲ. ಫಿಟ್ಸ್ ಅಂಡ್ ಟಾಲರೆನ್ಸಸ್‌ನಲ್ಲಿ ಒಳ್ಳೆಯ ಅಂಕ ತೆಗೆದವರು ನಾವು!

ಉತ್ತರ ಹುಡುಕುತ್ತಾ ಹೋದ ಮೇಲೆ ನಮಗೊಂದು ಅಭಿಪ್ರಾಯ ಗಟ್ಟಿಯಾಯಿತು. ಗುಂಡನ್ನು ಆರಿಸುವುದು ಮನುಷ್ಯನ ಇಷ್ಟ ಅಲ್ಲ, ನಳಿಗೆ. ನಳಿಗೆಯ ಮಾತು ಕೇಳಬೇಕಾದರೆ ಅಳೆಯಬೇಕು. ಅಳೆಯುವ ವಿದ್ಯೆ ಕಾಲೇಜಿನಲ್ಲಿ ನಮಗೆ ಸಿಕ್ಕಿದೆ, ಆದರೆ ಅಳೆಯುವ ಅಭ್ಯಾಸ ಇರುವುದು ಊರಿನ ಕೆಲವು ಹಿರಿಯರ ಹತ್ತಿರ ಮಾತ್ರ. ಇವೆರಡು ಒಂದು ಕಡೆ ಸೇರದಿದ್ದರೆ ಮುಂದಿನ ಕಾಲದಲ್ಲಿ ಕೋವಿ ತುಂಬುವವರು ಅಂದಾಜಿನಲ್ಲಿ ತುಂಬುತ್ತಾರೆ. ಅಂದಾಜಿನಲ್ಲಿ ತುಂಬಿದ ಕೋವಿ ಹಂದಿಗಿಂತ ಹೆಚ್ಚು ಹಿಡಿದವನಿಗೇ ಅಪಾಯ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಬಾಯಿಯಿಂದ ತುಂಬುವ ಕೋವಿಯಲ್ಲಿ ಗುಂಡು ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ಹೋಗುವಾಗ ಕೈಬಲಕ್ಕೆ ಜಾರುವಷ್ಟು ಸಡಿಲ ಇರಬೇಕು. ಬರುವಾಗ ಹಿಂದಿನ ಗಾಳಿ ಪಕ್ಕದಿಂದ ಸೋರದಷ್ಟು, ಒಳಗಿನ ಸುರುಳಿ ಗೆರೆಗಳನ್ನು ಕಚ್ಚಿ ತಿರುಗುವಷ್ಟು ಬಿಗಿ ಇರಬೇಕು. ಒಂದೇ ಗುಂಡು ಸಡಿಲವೂ ಬಿಗಿಯೂ ಆಗುವುದು ಹೇಗೆ?

ಇದಕ್ಕೆ ಮೂರು ಬಗೆಯ ಪರಿಹಾರ ಉಂಟು. ಹಳೆಯದು ಬಟ್ಟೆ. 0.50 ಇಂಚಿನ ನಳಿಗೆಗೆ 0.490 ಇಂಚಿನ ಸೀಸದ ಉಂಡೆ, ಸುತ್ತ ಎಣ್ಣೆಯೋ ಮೇಣವೋ ಸವರಿದ ಹತ್ತಿ ಬಟ್ಟೆಯ ಚೂರು. ಗೆರೆ ಕಚ್ಚುವುದು ಬಟ್ಟೆ, ಉಂಡೆ ಬಟ್ಟೆಯೊಟ್ಟಿಗೆ ತಿರುಗುತ್ತದೆ. ಹೊಸದು ಸ್ಯಾಬಟ್: ಪ್ಲಾಸ್ಟಿಕ್ಕಿನ ಬಟ್ಟಲೊಳಗೆ ಸಣ್ಣ ಗುಂಡನ್ನು ಕೂರಿಸಿ ಬಿಡುವುದು. ಹೊರಗೆ ಬಂದೊಡನೆ ಬಟ್ಟಲು ಕಳಚಿ ಬೀಳುತ್ತದೆ.

ಈ ಎರಡರ ನಡುವೆ ಬಂದದ್ದು ಬಟ್ಟೆಯೂ ಬಟ್ಟಲೂ ಬೇಡದ ಗುಂಡು. ಫ್ರಾನ್ಸಿನ ಸೇನಾಧಿಕಾರಿ ಕ್ಲೋಡ್ ಎತಿಯೆನ್ ಮಿನಿಯೆ 1840ರ ದಶಕದ ಕೊನೆಗೆ ಮಾಡಿದ ಗುಂಡು ಇದರಲ್ಲಿ ಪ್ರಸಿದ್ಧ. ಗುಂಡು ನಳಿಗೆಗಿಂತ ಸ್ವಲ್ಪ ಸಪೂರ, ಹಿಂಬದಿ ಟೊಳ್ಳು. ಮದ್ದು ಹೊತ್ತಿದಾಗ ಒತ್ತಡವೇ ಆ ಟೊಳ್ಳಿನ ಅಂಚನ್ನು ಅರಳಿಸಿ ಗೆರೆಗೆ ಒತ್ತುತ್ತದೆ. ಗುಂಡನ್ನು ಓಡಿಸುವ ಬಲವೇ ಅದನ್ನು ಬಿಗಿಯೂ ಮಾಡುತ್ತದೆ. ನಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು: ತುಂಬುವಾಗ ತುಸು ಅಲ್ಲಾಡುವಷ್ಟು ಸಡಿಲ, ಹೊಡೆಯುವಾಗ ಬಿಗಿ.

ಈ ಗುಂಡು ನಮ್ಮ ದೇಶಕ್ಕೂ ಬಂತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಇಂಚು. ಗುಂಡು, ಮದ್ದು ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿ, ಗುಂಡಿನ ಕಡೆಗೆ ಕೊಬ್ಬು ಸವರಿದ ತೋಟಾ ಅದಕ್ಕೆ. 1857ರಲ್ಲಿ ಸಿಪಾಯಿಗಳು ಕಚ್ಚಲು ಒಪ್ಪದ ತೋಟಾ ಇದೇ. ಪಾಠದಲ್ಲಿ ದನದ ಕೊಬ್ಬು, ಹಂದಿ ಕೊಬ್ಬು ಅಂತ ಓದಿದ್ದೇವೆ. ಕೊಬ್ಬು ಯಾಕೆ ಬೇಕಿತ್ತು ಅಂತ ಯಾರೂ ಹೇಳಲಿಲ್ಲ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಘನ ಕಿಟ್ಟವಾಗಿ ಉಳಿಯುತ್ತದೆ. ನಾಲ್ಕಾರು ಈಡು ಹೊಡೆಯುವಷ್ಟರಲ್ಲಿ ನಳಿಗೆ ಇಕ್ಕಟ್ಟು. ಆ ಕಿಟ್ಟವನ್ನು ಮೆದುವಾಗಿ ಇಡಲು ಜಿಡ್ಡು ಬೇಕೇ ಬೇಕು. ಒಂದು ಸಾಮ್ರಾಜ್ಯ ನಡುಗಿದ್ದರ ಹಿಂದೆ ಲೂಬ್ರಿಕೇಶನ್ನಿನ ಒಂದು ಸಮಸ್ಯೆಯೂ ಇತ್ತು.

ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆಗೆ ಮುಧೋಳದ ಹತ್ತಿರದ ಹಲಗಲಿಯ ಬೇಡರು ತಲೆಬಾಗಲಿಲ್ಲ. ನವೆಂಬರಿನಲ್ಲಿ ಸೈನ್ಯ ಊರಿಗೆ ನುಗ್ಗಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಕೊಡಗಿನಲ್ಲಿ ಆದದ್ದು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ರೂಪದಲ್ಲಿ ಇವತ್ತಿಗೂ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಗೆಳತಿಯ ಮನೆಯಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅವಳಿಗೆ ಆ ಪ್ರಶ್ನೆ ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ.

ಈಗ ಆಯ್ಕೆಗೆ ಬರೋಣ. ಬರಿಗಾಲಿನ ಗುಂಡು ಆರಿಸುವಾಗ ನೋಡಬೇಕಾದದ್ದು ಮುಖ್ಯವಾಗಿ ಮೂರು.

ಒಂದು, ಅಳತೆ. ನಳಿಗೆಯ ಮೇಲೆ 0.50 ಅಂತ ಕೊರೆದಿದ್ದರೂ ಒಳಗೆ ಅಷ್ಟೇ ಇರಬೇಕಂತ ಇಲ್ಲ. ಅಳೆದು, ಅದಕ್ಕೆ ತಕ್ಕ ಗುಂಡು ತರಬೇಕು. ಗಜದಿಂದ ಒಂದೇ ಸಮನೆ ಒತ್ತಿದರೆ ಇಳಿಯಬೇಕು, ಸುತ್ತಿಗೆ ಕೇಳಬಾರದು. ಹಾಗಂತ ಕೋವಿ ಬಗ್ಗಿಸಿದರೆ ಮುಂದಕ್ಕೆ ಜಾರುವಷ್ಟು ಸಡಿಲವೂ ಆಗಬಾರದು.

ಎರಡು, ಸೀಸ. ಅರಳುವ ಗುಂಡಿಗೆ ಮೆದು ಸೀಸವೇ ಆಗಬೇಕು. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. ಗ್ಯಾರೇಜಿನಲ್ಲಿ ಸಿಗುವ ಹಳೆಯ ವೀಲ್ ವೇಯ್ಟ್ ಕರಗಿಸಿದರೆ ಅದು 12ರ ಹತ್ತಿರ ಹೋಗುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ ಬೂದು ಬಣ್ಣ. ಗಡಸು ಗುಂಡು ಅರಳುವುದಿಲ್ಲ, ಗಾಳಿ ಸೋರುತ್ತದೆ, ಗುರಿ ಎಲ್ಲೆಲ್ಲಿಗೋ ಹೋಗುತ್ತದೆ.

ಮೂರು, ಸುರುಳಿಯ ವೇಗ. ಗುಂಡು ಉದ್ದ ಆದಷ್ಟೂ ಅದನ್ನು ನೆಟ್ಟಗೆ ಹಾರಿಸಲು ಹೆಚ್ಚು ತಿರುಗಿಸಬೇಕು. 1879ರ ಗ್ರೀನ್‌ಹಿಲ್ ಸೂತ್ರ ನಮ್ಮ ಕ್ಯಾಲ್ಕುಲೇಟರಿಗೆ ಏನೂ ಅಲ್ಲ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಅರ್ಧ ಇಂಚು ವ್ಯಾಸ, ಒಂದು ಇಂಚು ಉದ್ದದ ಗುಂಡಿಗೆ 37.5 ಇಂಚಿಗೆ ಒಂದು ಸುತ್ತು ಬೇಕು ಅಂತ ಬರುತ್ತದೆ. ಉಂಡೆಗೆ ಇಷ್ಟು ವೇಗ ಬೇಡ, 60-70 ಇಂಚಿಗೆ ಒಂದು ಸುತ್ತು ಸಾಕು. ಆದ್ದರಿಂದ ಉಂಡೆಗೆ ಮಾಡಿದ ನಳಿಗೆಗೆ ಉದ್ದ ಗುಂಡು ಹಾಕಿದರೆ ಅದು ಪಲ್ಟಿ ಹೊಡೆಯುತ್ತದೆ. ಟೊಳ್ಳು ಹಿಂಬದಿಯ, ಮೂತಿ ಭಾರದ ಗುಂಡಿಗೆ ಸೂತ್ರ ಹೇಳಿದ್ದಕ್ಕಿಂತ ನಿಧಾನ ಸುತ್ತೂ ನಡೆಯುತ್ತದೆ. ಎನ್‌ಫೀಲ್ಡಿನದು 78 ಇಂಚಿಗೆ ಒಂದು ಸುತ್ತು. ಸೂತ್ರವನ್ನು ಎಲ್ಲಿಯವರೆಗೆ ನಂಬಬೇಕು ಅಂತಲೂ ಕೋವಿಯೇ ಕಲಿಸುತ್ತದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಬಟ್ಟಲು ಹಾಕಿದರೆ ಮುಗೀತಲ್ಲ ಅಂತ ಕೇಳಬಹುದು. ಅಮೆರಿಕದ ಕೊಲರಾಡೋದಲ್ಲಿ ಬಾಯಿಕೋವಿ ಬೇಟೆಯ ಋತುವಿನಲ್ಲಿ ಸ್ಯಾಬಟ್ ನಿಷಿದ್ಧ. ಹಳೆಯ ಕೋವಿಯ ಹೆಸರಿನಲ್ಲಿ ಹೊಸ ಬಂದೂಕಿನ ಅನುಕೂಲ ಬೇಡ ಅಂತ. ಅಂಥಲ್ಲಿ ಬೇಟೆಗಾರ ಮತ್ತೆ ಅಳತೆಗೆ, ಸೀಸಕ್ಕೆ, ಸುರುಳಿಗೆ ಬರಲೇಬೇಕು. ನಮಗದು ಒಳ್ಳೆಯ ನಿಯಮ ಅನ್ನಿಸಿತು. ಬಟ್ಟಲು ತಪ್ಪುಗಳನ್ನು ಮುಚ್ಚುತ್ತದೆ, ಬರಿಗಾಲಿನ ಗುಂಡು ತೋರಿಸಿಬಿಡುತ್ತದೆ.

ಆದರೆ ಇನ್ನಂಜೆಯಲ್ಲಿ ಕೂತು ಕೊಲರಾಡೋದ ಮಾತಾಡುವುದರಲ್ಲಿ ಒಂದು ಎಡವಟ್ಟು ಉಂಟು. ನಮ್ಮ ಕಡೆ ಬೆಳೆ ಕಾಯಲು ಪರವಾನಗಿ ಪಡೆದ ಬಾಯಿಕೋವಿಗಳು ಸಾಮಾನ್ಯವಾಗಿ ರೈಫಲ್ ಅಲ್ಲ. ಒಳಮೈ ನುಣುಪು, ಸುರುಳಿ ಗೆರೆಯೇ ಇಲ್ಲ. ಅದಕ್ಕೆ ವಿಡಿಯೋ ನೋಡಿ ಉದ್ದ ಗುಂಡು ಎರಕ ಹೊಯ್ದರೆ ಅದು ತಿರುಗದೆ ಅಡ್ಡಾದಿಡ್ಡಿ ಹೋಗುತ್ತದೆ. ಅಷ್ಟೇ ಅಲ್ಲ. 0.490ರ ಉಂಡೆ ಸುಮಾರು 11.5 ಗ್ರಾಂ, ಅದೇ ನಳಿಗೆಯ ಉದ್ದ ಗುಂಡು 23 ಗ್ರಾಂ ಇರಬಹುದು. ಇಮ್ಮಡಿ ಭಾರ ತಳ್ಳುವಾಗ ಒಳಗಿನ ಒತ್ತಡವೂ ಏರುತ್ತದೆ. ಅಜ್ಜನ ಕಾಲದ, ತುಕ್ಕು ತಿಂದ ನಳಿಗೆ ಅದನ್ನು ತಡೆಯುತ್ತದೆ ಅಂತ ಯಾರು ಹೇಳುತ್ತಾರೆ? ನಮ್ಮ ಮಳೆಗಾಲ ಬೇರೆ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರುತ್ತದೆ. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಜೂನ್ ಮುಗಿಯುವುದರೊಳಗೆ ಒಳಗೆಲ್ಲ ಗುಳಿ.

ನಮ್ಮಲ್ಲೊಬ್ಬನ ಅಜ್ಜ ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ ತೋಟ ಮಾಡಿಕೊಂಡಿದ್ದಾರೆ. ಹಂದಿ, ಮಂಗ, ನವಿಲು ಮೂರೂ ಕಾಟ. ಅವರಲ್ಲಿ ಕೇಪಿನ ಕೋವಿ ಉಂಟು, ಪರವಾನಗಿಯೂ ಉಂಟು. ಹೊಡೆಯುವುದು ಹೆಚ್ಚಾಗಿ ಸದ್ದಿಗೆ. ಕಾಡುಪ್ರಾಣಿ ಕೊಲ್ಲಲು ಕಾನೂನು ಬಿಡುವುದಿಲ್ಲ ಅಂತ ಅವರಿಗೂ ಗೊತ್ತು. ಕಳೆದ ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿಯನ್ನು ವಾಪಸ್ ತಂದ ದಿನ ಮೊಮ್ಮಗ ಅದನ್ನೆತ್ತಿ ಕುದುರೆ ಎಳೆದು ನೋಡಲು ಹೋದ. ಅಜ್ಜ ಕೈ ಹಿಡಿದರು.

“ಮೊದಲು ಗಜ ಹಾಕು ಮಗಾ.”

“ಖಾಲಿ ಉಂಟಲ್ಲ ಅಜ್ಜ, ನೀವೇ ಖಾಲಿ ಮಾಡಿ ಕೊಟ್ಟದ್ದಲ್ವಾ?”

“ಖಾಲಿ ಅಂತ ನಾನು ಹೇಳುದಲ್ಲ, ನೀನು ಹೇಳುದಲ್ಲ. ಗಜ ಹೇಳ್ಬೇಕು.”

ಗಜದ ಮೇಲೆ ಎರಡು ಗೀರು ಇದ್ದವು. ಖಾಲಿ ನಳಿಗೆಗೆ ಹಾಕಿದಾಗ ಬಾಯಿಯ ಮಟ್ಟಕ್ಕೆ ಬರುವುದು ಒಂದು, ಸರಿಯಾಗಿ ತುಂಬಿದಾಗ ಬರುವುದು ಇನ್ನೊಂದು. ಅಷ್ಟೇ. ಒಂದು ಕೋಲು, ಎರಡು ಗೀರು. ನಮ್ಮ ಮೆಟ್ರಾಲಜಿ ಪುಸ್ತಕದ ಗೋ-ನೋಗೋ ಗೇಜ್ ಅಧ್ಯಾಯ ಇದಕ್ಕಿಂತ ಹೆಚ್ಚು ಏನನ್ನೂ ಹೇಳುವುದಿಲ್ಲ.

ಆ ಎರಡು ಗೀರು ಜೀವ ಉಳಿಸುತ್ತವೆ. ತುಂಬಿದ ಮೇಲೆ ಗಜ ಎರಡನೇ ಗೀರಿಗಿಂತ ಮೇಲೆಯೇ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುವೆ ಜಾಗ ಬಿಟ್ಟಿದೆ, ಇಲ್ಲವೇ ಒಂದರ ಮೇಲೊಂದು ಎರಡು ಸಲ ತುಂಬಿದೆ. ಎರಡರಲ್ಲೂ ನಳಿಗೆ ಸಿಡಿಯಬಹುದು. ಅಜ್ಜನ ಕ್ರಮ ಇದು: ಮೊದಲು ಗಜ ಹಾಕಿ ಖಾಲಿ ಅಂತ ಖಾತ್ರಿ ಮಾಡುವುದು. ಮದ್ದನ್ನು ಡಬ್ಬಿಯಿಂದ ನೇರ ಸುರಿಯದೆ ಅಳತೆಯ ಪಾತ್ರೆಯಿಂದ ಹಾಕುವುದು. ಅದರ ಮೇಲೆ ತೆಂಗಿನ ನಾರು, ಮತ್ತೆ ಚರೆಯೋ ಉಂಡೆಯೋ, ಮೇಲೆ ಪುನಃ ನಾರು, ಜಾಗ ಬಿಡದ ಹಾಗೆ ಒತ್ತುವುದು. ಗೀರು ನೋಡುವುದು. ಕೇಪು ಎಲ್ಲಕ್ಕಿಂತ ಕೊನೆಗೆ, ಅದೂ ಹೊಡೆಯುವ ಜಾಗಕ್ಕೆ ಹೋದ ಮೇಲೆ. ಇಡೀ ಹೊತ್ತು ಮುಖ ನಳಿಗೆಯ ಬಾಯಿಯಿಂದ ದೂರ. ಕರಿಮದ್ದು ಬಿಟ್ಟು ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ಬಾಯಿಕೋವಿಗೆ ಯಾವತ್ತೂ ಹಾಕಬಾರದು.

ಇದನ್ನೆಲ್ಲ ಅಜ್ಜ ಎಲ್ಲೂ ಬರೆದಿಟ್ಟಿಲ್ಲ. ಅವರ ಮಗ ಮುಂಬೈಯಲ್ಲಿ. ಮೊಮ್ಮಗ ನಮ್ಮ ಕ್ಲಾಸಿನಲ್ಲಿ. ನಾಳೆ ಪರವಾನಗಿ ಮೊಮ್ಮಗನ ಹೆಸರಿಗೆ ಬಂದರೆ ಅವನಿಗೆ ಗುರು ಯಾರು? ಅಮೆರಿಕದ ವಿಡಿಯೋ. ಅದರಲ್ಲಿರುವುದು ಬೇರೆ ನಳಿಗೆ, ಬೇರೆ ಗುಂಡು, ಬೇರೆ ಮದ್ದು.

ಕೋವಿ ಯಾಕೆ ಬೇಕು, ಸೋಲಾರ್ ಬೇಲಿ ಹಾಕಿದರೆ ಆಗದಾ ಅಂತ ನಮ್ಮಲ್ಲೇ ಕೆಲವರ ವಾದ. ಹಾಕಬಹುದಾದವರು ಹಾಕಲಿ, ಒಳ್ಳೆಯದೇ. ಕೋವಿ ಹೆಚ್ಚಾಗಲಿ ಅಂತ ನಾವು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಈಗಾಗಲೇ ಇರುವ ಕೋವಿ, ಗೊತ್ತಿಲ್ಲದವನ ಕೈಗೆ ಹೋಗುವುದಕ್ಕಿಂತ ಗೊತ್ತಿರುವವನ ಕೈಯಲ್ಲಿ ಇರುವುದು ಮೇಲಲ್ವಾ? ಬೇಡ ಅಂತಾದರೆ ಠಾಣೆಗೆ ಒಪ್ಪಿಸಿಬಿಡುವುದೂ ಗೊತ್ತಿದ್ದೇ ಮಾಡುವ ಕೆಲಸ. ಅಟ್ಟದ ಮೇಲೆ ತುಂಬಿದೆಯೋ ಇಲ್ಲವೋ ತಿಳಿಯದೆ ಬಿದ್ದಿರುವುದು ಮಾತ್ರ ಬೇಡ.

ಹಾಗಾಗಿ ನಮ್ಮ ಸಂಘ ಎರಡು ಕೆಲಸ ಮಾಡಬೇಕು ಅಂತ ನಮ್ಮ ಅಭಿಪ್ರಾಯ. ಕೋವಿಯನ್ನು ಕಾಲೇಜಿಗೆ ತರುವ ಮಾತೇ ಇಲ್ಲ, ಅದು ಅಪರಾಧ. ಆದರೆ ಸೀಸದ ತುಂಡು ತರಬಹುದು. ಶುದ್ಧ ಸೀಸ, ವೀಲ್ ವೇಯ್ಟ್ ಸೀಸ ಎರಡನ್ನೂ ನಮ್ಮ ಲ್ಯಾಬಿನ ಬ್ರಿನೆಲ್ ಯಂತ್ರದಲ್ಲಿ ಒತ್ತಿ ನೋಡಿ, ಗ್ರೀನ್‌ಹಿಲ್ ಲೆಕ್ಕವನ್ನೂ ಸೇರಿಸಿ, ಕನ್ನಡದಲ್ಲೇ ಒಂದು ಪ್ರಾತ್ಯಕ್ಷಿಕೆ ಕೊಡೋಣ. ಎರಡನೆಯದು, ಕೋವಿ ಇರುವ ಮನೆಯ ಗೆಳೆಯರು ಹಿರಿಯರ ಹತ್ತಿರ ಕೂತು, ತುಂಬುವ ಕ್ರಮವನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬನ್ನಿ. ಗಜ, ಕುದುರೆ, ಚರೆ, ಕೇಪು, ಈಡು ಎಲ್ಲ ಪದವೂ ಬರಲಿ. ತಾಂತ್ರಿಕ ಪದಗಳಿಗೆ ಕನ್ನಡ ಹುಡುಕಲು ಹೊರಟಿದ್ದೆವಲ್ಲ, ಅವು ಅಟ್ಟದ ಮೇಲೆಯೇ ಇದ್ದವು.

ಅಂದ ಹಾಗೆ, ಆ ಮೊಮ್ಮಗ ಈಗ ವರ್ಕ್‌ಶಾಪಿನಲ್ಲಿ ಯಾವ ಜಾಬ್ ಕೈಗೆತ್ತಿಕೊಂಡರೂ ಮೊದಲು ವರ್ನಿಯರ್ ಹಿಡಿಯುತ್ತಾನೆ. ಯಾರಾದರೂ “ಸರಿ ಉಂಟು ಮಾರಾಯಾ, ಹಾಕು” ಅಂದರೆ ಅವನದ್ದು ಒಂದೇ ಉತ್ತರ: “ಗಜ ಹೇಳ್ಬೇಕು.”