ಹಾಡುವ ಡಬ್ಬಿಯ ಹಿಂದಿನ ಕೈಗಳು

ನಶ್ಯದ ಡಬ್ಬಿಯ ಮುಚ್ಚಳ ತೆರೆದೊಡನೆ ಸಂಗೀತ ಹೊರಡುವುದೆಂದರೆ ನಮ್ಮವರಿಗೆ ನಗು ಬಂದೀತು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಾದರೋ ಉಳ್ಳವರ ಮನೆಗಳಲ್ಲಿ ಇಂತಹ ವಸ್ತುಗಳಿಗೆ ಬಹಳ ಮನ್ನಣೆಯಿತ್ತು. ಜೇಬುಗಡಿಯಾರ, ಹೊಲಿಗೆಯ ಪೆಟ್ಟಿಗೆ, ಭಾವಚಿತ್ರಗಳ ಆಲ್ಬಮ್ ಎಲ್ಲವೂ ಹಾಡಿದುವು. ಕುಳಿತರೆ ಹಾಡುವ ಕುರ್ಚಿಯೂ ಬಂದಿತು.

ಇದರ ಮೂಲಯುಕ್ತಿಯನ್ನು 1796ರಲ್ಲಿ ಜಿನೀವಾದ ಗಡಿಯಾರ ತಯಾರಕ ಆಂತ್ವಾನ್ ಫಾವ್ರ್ ಎಂಬಾತನು ತನ್ನ ಊರಿನ ಕಲಾಸಂಘದ ಮುಂದಿಟ್ಟನು. ಗಂಟೆಯಿಲ್ಲ, ಸುತ್ತಿಗೆಯಿಲ್ಲ. ಬಾಚಣಿಗೆಯಂತಹ ಉಕ್ಕಿನ ಹಲ್ಲುಗಳನ್ನು ಮೀಟಿ ನಾದ ಹೊರಡಿಸುವುದೇ ಅದರ ಗುಟ್ಟು. ಮುಂದೆ ಈ ಕಸಬು ಬಲಿತಾಗ, ಮೈತುಂಬ ಸಣ್ಣ ಮುಳ್ಳುಗಳಿದ್ದ ಹಿತ್ತಾಳೆಯ ಉರುಳೆಯೊಂದು ಆ ಹಲ್ಲುಗಳೆದುರು ತಿರುಗುವಂತಾಯಿತು. ಉದ್ದ ಹಲ್ಲಿಗೆ ಮಂದ್ರಸ್ವರ, ಗಿಡ್ಡ ಹಲ್ಲಿಗೆ ತಾರಸ್ವರ. ಹಲವು ಹಾಡುಗಳ ಪೆಟ್ಟಿಗೆಯಲ್ಲಿ ಒಂದು ಮುಗಿದೊಡನೆ ಉರುಳೆಯು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಮುಂದಿನದನ್ನು ಆರಂಭಿಸುವುದು.

ಆದರೆ ಆ ಮುಳ್ಳುಗಳನ್ನು ನೆಟ್ಟವರಾರು? ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲಿ ಸಾಂತ್ ಕ್ರ್ವಾ ಎಂಬ ಊರಿದೆ. ಈ ಕಸಬಿನ ತವರು ಅದು. ಉರುಳೆಯ ಮೇಲೆ ಗುರುತು ಮಾಡಿ, ರಂಧ್ರ ಕೊರೆದು, ಒಂದೊಂದೇ ಮುಳ್ಳನ್ನು ಕೂಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಅದೂ ಮನೆಯಲ್ಲಿ ಕುಳಿತು. ದೊಡ್ಡ ಪೆಟ್ಟಿಗೆಗೆ ಸಾವಿರಾರು ಮುಳ್ಳುಗಳು ಬೇಕು. ಒಂದು ಓರೆಯಾದರೂ ಸ್ವರ ಹೊತ್ತಿಗೆ ಸರಿಯಾಗಿ ಬೀಳದು. ಇಷ್ಟಾದರೂ ಪೆಟ್ಟಿಗೆಯ ಮೇಲೆ ಇರುತ್ತಿದ್ದುದು ಕಂಪೆನಿಯ ಹೆಸರು. ಇಡ್ಲಿ ತಿಂದ ಗಿರಾಕಿಯೂ ಬೋರ್ಡಿನ ಹೆಸರನ್ನೇ ಹೊಗಳುತ್ತಾನಲ್ಲದೆ, ರಾತ್ರಿ ಹಿಟ್ಟು ರುಬ್ಬಿಟ್ಟವನನ್ನು ಕೇಳುತ್ತಾನೆಯೆ?

1877ರಲ್ಲಿ ಎಡಿಸನ್ನನ ಫೋನೋಗ್ರಾಫ್ ಹುಟ್ಟಿತು. ಮನುಷ್ಯಕಂಠವನ್ನೇ ನುಡಿಸುವ ಯಂತ್ರ ಬಂದ ಮೇಲೆ ಮುಳ್ಳಿನ ಉರುಳೆಗೆ ಗಿರಾಕಿ ಕಡಿಮೆಯಾದುದು ಸಹಜವೇ. ಸಾಂತ್ ಕ್ರ್ವಾದ ಪೈಯಾರ್ ಕಂಪೆನಿಯು ಗ್ರಾಮಫೋನಿನತ್ತ ತಿರುಗಿತು. ಮುಂದೆ ಹರ್ಮಿಸ್ ಟೈಪ್‌ರೈಟರನ್ನೂ ಮಾಡಿತು. ಟೈಪಿಂಗ್ ಕಲಿತು ಊರು ಬಿಟ್ಟ ನಮ್ಮ ಹಿರಿಯ ಗುಮಾಸ್ತರು ಆ ಹೆಸರನ್ನು ಕೇಳಿದ್ದರೂ ಇರಬಹುದು. ಬಂಡವಾಳಕ್ಕೆ ಹೀಗೆ ಹೊಸ ದಾರಿ ಸುಲಭವಾಗಿ ಸಿಗುತ್ತದೆ. ಮುಳ್ಳು ನೆಡುವುದನ್ನಷ್ಟೇ ಕಲಿತ ಕೈಗೆ ಅಷ್ಟು ಸುಲಭವಲ್ಲ.

2020ರಲ್ಲಿ ಯುನೆಸ್ಕೋ ಸಂಸ್ಥೆಯು ಜೂರಾ ಸೀಮೆಯ ಗಡಿಯಾರ ಹಾಗೂ ಯಂತ್ರಕಲೆಯ ಕುಶಲತೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡುವ ಪೆಟ್ಟಿಗೆಯೂ ಅದರಲ್ಲಿ ಸೇರಿದೆ. ಸಂತೋಷವೇ. ಆದರೆ ಗಾಜಿನ ಕಪಾಟಿನೊಳಗಿನ ಪೆಟ್ಟಿಗೆಯ ಪಕ್ಕದಲ್ಲಿ ಯುಕ್ತಿ ಕಂಡವನ ಹೆಸರನ್ನೂ ಕಂಪೆನಿಯ ಹೆಸರನ್ನೂ ಬರೆದರೆ ಸಾಲದು. ಹೆಸರು ಉಳಿಯದಿದ್ದರೂ ಚಿಂತೆಯಿಲ್ಲ; ಮುಳ್ಳು ನೆಟ್ಟವರ ಕೆಲಸ ಎಂತಹುದು, ಅದಕ್ಕೆ ಕೂಲಿ ಎಷ್ಟು ಸಿಗುತ್ತಿತ್ತು ಎಂಬುದನ್ನಾದರೂ ಅಲ್ಲಿ ಬರೆಯಲಿ.