ಆಟದ ಅಂಗಳದ ನಿಯಮ, ಮನೆಯ ಹೊಣೆ

ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಯೊಬ್ಬ ಆಟದ ತಂಡಕ್ಕಾಗಲಿ, ವಾದ್ಯಮೇಳಕ್ಕಾಗಲಿ ಸೇರಬೇಕಾದರೆ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು. ಮದ್ಯ, ತಂಬಾಕು, ಮಾದಕ ವಸ್ತುಗಳನ್ನು ಮುಟ್ಟುವುದಿಲ್ಲವೆಂಬ ವಾಗ್ದಾನ ಅದರಲ್ಲಿರುತ್ತದೆ. ಕೆಲವು ಶಾಲೆಗಳಲ್ಲಿ ಮೂತ್ರ ಪರೀಕ್ಷೆಗೆ ಒಪ್ಪಿಗೆಯೂ ಅದರೊಂದಿಗೆ ಸೇರಿರುತ್ತದೆ. ವಿದ್ಯಾರ್ಥಿಯ ಸಹಿಯ ಕೆಳಗೆ ಹೆತ್ತವರ ಸಹಿಯೂ ಬೇಕು. ನಮ್ಮ ಊರುಗಳಿಂದ ಹೋಗಿ ಅಲ್ಲಿ ನೆಲೆಸಿರುವ ಕುಟುಂಬಗಳ ಮುಂದೆಯೂ ಈ ಕಾಗದ ಬರುತ್ತದೆ. ಅದರ ಹಿಂದಿರುವ ವಿಚಾರವೇನು, ಅದರ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಅರಿತು ಸಹಿ ಹಾಕುವುದು ವಿವೇಕವೆಂದು ನಾವು ಭಾವಿಸುತ್ತೇವೆ.

ಇದರ ಇತಿಹಾಸದಲ್ಲಿ ಎರಡು ಚಿಕ್ಕ ಊರುಗಳ ಹೆಸರು ಮುಖ್ಯವಾಗಿದೆ. ಮೊದಲನೆಯದು ಆರೆಗಾನ್ ರಾಜ್ಯದ ವರ್ನೋನಿಯಾ. ಮರ ಕಡಿಯುವ ಕಸುಬನ್ನು ನೆಚ್ಚಿಕೊಂಡಿದ್ದ ಊರು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಶಾಲೆಗಳಲ್ಲಿ ಮಾದಕ ವ್ಯಸನ ಹೆಚ್ಚಿತೆಂದೂ, ಆಟಗಾರರೇ ಅದರ ಮುಂದಾಳುಗಳೆಂದೂ ಶಿಕ್ಷಕರು ಕಂಡುಕೊಂಡರು. 1989ರಲ್ಲಿ ಆಟಗಾರರೆಲ್ಲರಿಗೂ ಪರೀಕ್ಷೆ ಕಡ್ಡಾಯವಾಯಿತು. 1991ರಲ್ಲಿ ಏಳನೇ ತರಗತಿಯ ಬಾಲಕನೊಬ್ಬನ ಹೆತ್ತವರು ಸಹಿ ಹಾಕಲು ನಿರಾಕರಿಸಿದರು. ಮಗನ ಮೇಲೆ ಯಾವ ಸಂಶಯವೂ ಇಲ್ಲದಿರುವಾಗ ಪರೀಕ್ಷೆಯೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರಲ್ಲಿ ಆರು ಮತ್ತು ಮೂರರ ಬಹುಮತದಿಂದ ಶಾಲೆಯ ಪರವಾಗಿ ತೀರ್ಪು ಬಂತು.

ಎರಡನೆಯದು ಓಕ್ಲಹೋಮ ರಾಜ್ಯದ ಟೆಕಮ್ಸೆ. ಅಲ್ಲಿ 1998ರಲ್ಲಿ ಜಾರಿಗೆ ಬಂದ ನಿಯಮವು ಆಟಗಾರರನ್ನಷ್ಟೇ ಅಲ್ಲದೆ ಗಾಯನ, ವಾದ್ಯಮೇಳ ಮುಂತಾದ ಸ್ಪರ್ಧಾ ಚಟುವಟಿಕೆಗಳ ಮಕ್ಕಳನ್ನೂ ಒಳಗೊಂಡಿತು. 2002ರಲ್ಲಿ ಐದು ಮತ್ತು ನಾಲ್ಕರ ಬಹುಮತದಿಂದ ಅದೂ ಊರ್ಜಿತವಾಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಅವರ ಆಕ್ಷೇಪ ಗಮನಾರ್ಹ. ಇಂತಹ ಚಟುವಟಿಕೆಗಳಲ್ಲಿ ತೊಡಗಿರುವ ಮಕ್ಕಳೇ ವ್ಯಸನಕ್ಕೆ ಬೀಳುವ ಸಂಭವ ಕಡಿಮೆ. ನಿಯಮವು ಅವರನ್ನೇ ಹಿಡಿದು ಪರೀಕ್ಷಿಸುತ್ತದೆ. ನಿಜವಾಗಿ ಅಪಾಯದಲ್ಲಿರುವ ಮಗುವೋ ಪರೀಕ್ಷೆಗೆ ಅಂಜಿ ಆ ಚಟುವಟಿಕೆಗಳಿಂದಲೇ ದೂರ ಉಳಿದೀತು ಎಂಬುದು ಅವರ ವಾದದ ಸಾರ.

ಹಾಗಾದರೆ ಪರೀಕ್ಷೆಯಿಂದ ಪ್ರಯೋಜನವಿದೆಯೇ? ಅಮೆರಿಕದ ಶಿಕ್ಷಣ ಇಲಾಖೆಯ ವತಿಯಿಂದ 36 ಪ್ರೌಢಶಾಲೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಎರಡು ಬಗೆಯ ಉತ್ತರ ನೀಡಿತು. ಹಿಂದಿನ 30 ದಿನಗಳಲ್ಲಿ ಮಾದಕ ವಸ್ತು ಬಳಸಿದ್ದೆವೆಂದು ಪರೀಕ್ಷೆಗೆ ಒಳಪಟ್ಟ ವಿದ್ಯಾರ್ಥಿಗಳಲ್ಲಿ ಶೇಕಡಾ 16 ಮಂದಿ ಹೇಳಿದರೆ, ಪರೀಕ್ಷೆಯಿಲ್ಲದ ಶಾಲೆಗಳ ಅಂತಹದೇ ವಿದ್ಯಾರ್ಥಿಗಳಲ್ಲಿ ಶೇಕಡಾ 22 ಮಂದಿ ಹೇಳಿದರು. ಇದು ಅಲ್ಪವಾದರೂ ಲಾಭವೇ. ಆದರೆ ಮುಂದೆ ಬಳಸಬೇಕೆಂಬ ಇಚ್ಛೆಯ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಪರೀಕ್ಷೆಯ ಭಯ ಕೈಯನ್ನು ತಡೆದೀತು, ಮನಸ್ಸನ್ನು ತಿರುಗಿಸಲಾರದು ಎಂದೇ ಇದರಿಂದ ನಾವು ತಿಳಿಯಬೇಕಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸಹ ಸಾಕಷ್ಟು ಪುರಾವೆ ಇಲ್ಲದಿರುವುದರಿಂದ ಶಾಲೆಗಳಲ್ಲಿ ಇಂತಹ ಪರೀಕ್ಷೆಯನ್ನು ವ್ಯಾಪಕವಾಗಿ ಜಾರಿಗೊಳಿಸುವುದು ಬೇಡವೆಂದು 2015ರಲ್ಲಿ ಹೇಳಿತು.

ಇಷ್ಟರಿಂದ ನಿಯಮವೇ ಬೇಡವೆನ್ನಲು ನಾವು ಸಿದ್ಧರಿಲ್ಲ. ಗೆಳೆಯರ ಒತ್ತಾಯಕ್ಕೆ ಸಿಲುಕಿದ ಹದಿನೈದರ ಹುಡುಗನಿಗೆ 'ನನಗೆ ತಂಡದ ನಿಯಮವಿದೆ' ಎಂದು ಹೇಳಲು ಒಂದು ಆಸರೆ ಬೇಕು. ಅವನ ಮಾನ ಉಳಿಸಿಕೊಂಡೇ 'ಬೇಡ' ಎನ್ನಲು ಆ ಮಾತು ನೆರವಾಗುತ್ತದೆ. ಪ್ರಶ್ನೆಯಿರುವುದು ನಿಯಮ ಇರಬೇಕೇ ಎಂಬುದರಲ್ಲಿ ಅಲ್ಲ. ತಪ್ಪಿದ ಮಗುವನ್ನು ಅದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದರಲ್ಲಿ.

ಈ ದೃಷ್ಟಿಯಿಂದ ಮೇಲಿನ ಎರಡೂ ಊರುಗಳ ನಿಯಮಗಳನ್ನು ಪೂರ್ತಿಯಾಗಿ ಓದಬೇಕು. ವರ್ನೋನಿಯಾದಲ್ಲಿ ಮೊದಲ ಬಾರಿ ತಪ್ಪಿದವನ ಮುಂದೆ ಎರಡು ದಾರಿಗಳಿದ್ದವು: ಆರು ವಾರಗಳ ನೆರವಿನ ಕಾರ್ಯಕ್ರಮಕ್ಕೆ ಸೇರಿ ವಾರಕ್ಕೊಮ್ಮೆ ಪರೀಕ್ಷೆಗೆ ಒಳಪಡುವುದು, ಇಲ್ಲವೇ ಆ ಋತುವಿನ ಉಳಿದ ಭಾಗ ಮತ್ತು ಮುಂದಿನ ಋತುವಿನ ಆಟವನ್ನು ಕಳೆದುಕೊಳ್ಳುವುದು. ಟೆಕಮ್ಸೆಯಲ್ಲಿ ಮೊದಲ ತಪ್ಪಿಗೆ ಹೆತ್ತವರನ್ನು ಕರೆಸಿ ಮಾತನಾಡಲಾಗುತ್ತಿತ್ತು. ಐದು ದಿನಗಳೊಳಗೆ ಸಮಾಲೋಚಕರನ್ನು ಕಂಡುದಕ್ಕೆ ಪುರಾವೆ ಒದಗಿಸಿ, ಎರಡು ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಒಪ್ಪಿದರೆ ವಿದ್ಯಾರ್ಥಿ ಚಟುವಟಿಕೆಯಲ್ಲಿ ಮುಂದುವರಿಯಬಹುದಾಗಿತ್ತು. ಫಲಿತಾಂಶವು ಪೊಲೀಸರ ಕೈ ಸೇರುತ್ತಿರಲಿಲ್ಲ. ಮೂರನೆಯ ತಪ್ಪಿಗಷ್ಟೇ ದೀರ್ಘಕಾಲದ ಅಮಾನತು. ನ್ಯಾಯಾಲಯದ ಗೆಲುವನ್ನು ಮಾತ್ರ ನೆನಪಿಟ್ಟು ಈ ಭಾಗವನ್ನು ಮರೆಯುವ ಶಾಲೆಯು ನಿಯಮದ ಅರ್ಧವನ್ನಷ್ಟೇ ಕಲಿತಂತೆ.

ಮಾನವ ಕಾನೂನು ಜನರನ್ನು ಸದ್ಗುಣದೆಡೆಗೆ ಒಮ್ಮೆಲೇ ಅಲ್ಲ, ಹಂತಹಂತವಾಗಿ ಒಯ್ಯಬೇಕೆಂದು 13ನೇ ಶತಮಾನದಲ್ಲಿ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ವಿವರಿಸಿದರು. ಬೆಳೆಯುವ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಸತ್ಯ. ಸಂಜೆಯ ಅಭ್ಯಾಸ, ತರಬೇತುದಾರರ ಕಣ್ಣು, ಜೊತೆಗಾರರ ಒಡನಾಟ ಇವೇ ಮಗುವನ್ನು ಕಾಯುವ ಬೇಲಿ. ಎಡವಿದ ಮಗುವನ್ನು ವರ್ಷಗಟ್ಟಲೆ ತಂಡದಿಂದ ಹೊರಗಿಟ್ಟರೆ, ಬೇಲಿಯ ಅಗತ್ಯ ಹೆಚ್ಚಾಗಿರುವ ಹೊತ್ತಿನಲ್ಲೇ ಅದನ್ನು ಕಿತ್ತಂತಾಗುತ್ತದೆ. ಪಂದ್ಯದಲ್ಲಿ ಆಡಲು ಬಿಡದಿರುವುದು ಶಿಕ್ಷೆಯಾಗಲಿ. ಅಭ್ಯಾಸಕ್ಕೆ ಬರಬೇಡವೆನ್ನುವುದು ಶಿಕ್ಷೆಯಾಗದಿರಲಿ.

ಇನ್ನು ಮನೆಯ ಮಾತು. ಪ್ರಯೋಗಾಲಯದ ಪರೀಕ್ಷೆ ಎಲ್ಲವನ್ನೂ ಹಿಡಿಯಲಾರದು. ಟೆಕಮ್ಸೆಯ ಪರೀಕ್ಷೆಯು ಗಾಂಜಾ, ಕೊಕೇನ್, ಅಫೀಮಿನ ವರ್ಗದ ವಸ್ತುಗಳಂತಹ ಕಾನೂನುಬಾಹಿರ ಮಾದಕಗಳನ್ನು ಹುಡುಕುತ್ತಿತ್ತೇ ಹೊರತು ಮದ್ಯವನ್ನಲ್ಲ. ಮೇಲಾಗಿ ಕಾಲವೂ ಬದಲಾಗಿದೆ. ವರ್ನೋನಿಯಾ ಇರುವ ಆರೆಗಾನಿನಲ್ಲೇ 2015ರಿಂದ 21 ವರ್ಷ ತುಂಬಿದವರು ಗಾಂಜಾ ಬಳಸಲು ಕಾನೂನಿನ ಅನುಮತಿಯಿದೆ. 'ಕಾನೂನು ಒಪ್ಪದು' ಎಂಬ ಒಂದೇ ಮಾತಿನಿಂದ ಅಲ್ಲಿನ ತಂದೆತಾಯಿ ಮಗನನ್ನು ತಡೆಯಲಾರರು. 'ನಿಮಗೆ ಸಲ್ಲುವುದು ನನಗೇಕೆ ಸಲ್ಲದು?' ಎಂದು ಮಗ ಕೇಳಿದರೆ, ಉತ್ತರ ಬರಬೇಕಾದುದು ಅವರ ಬದುಕಿನಿಂದ.

ಈ ಪ್ರಶ್ನೆ ನಮ್ಮ ಕುಟುಂಬಗಳಿಗೂ ತಟ್ಟುತ್ತದೆ. ಮದುವೆ, ನಾಮಕರಣ, ಹುಟ್ಟುಹಬ್ಬಗಳಲ್ಲಿ ಮದ್ಯದ ಬಾಟ್ಲಿಯಿಲ್ಲದೆ ಸಂಭ್ರಮವಿಲ್ಲವೆಂದು ಬಗೆಯುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಕಡಲಾಚೆ ಹೋದರೂ ಆ ರೂಢಿ ಜೊತೆಗೇ ಹೋಗುತ್ತದೆ. ಮಗನ ಕಾಗದಕ್ಕೆ ಬೆಳಗ್ಗೆ ಸಹಿ ಹಾಕಿ, ಸಂಜೆಯ ಔತಣದಲ್ಲಿ 'ಒಂದು ಗುಟುಕು ಪರವಾಗಿಲ್ಲ' ಎಂದು ಅವನ ಕೈಗೆ ಗ್ಲಾಸು ಕೊಡುವ ಮಾವನನ್ನು ತಡೆಯದ ತಂದೆ, ತನ್ನ ಸಹಿಯನ್ನು ತಾನೇ ಅಳಿಸಿದಂತೆ.

ಆದುದರಿಂದ ಸಹಿ ಹಾಕುವ ಹೆತ್ತವರು ಮೂರು ಸಂಗತಿಗಳನ್ನು ಶಾಲೆಯವರಲ್ಲಿ ಕೇಳಿ ತಿಳಿಯಲಿ: ಮೊದಲ ತಪ್ಪಿಗೆ ನೆರವಿನ ದಾರಿ ಇದೆಯೇ? ತಾನಾಗಿ ಬಂದು ಒಪ್ಪಿಕೊಂಡ ಮಗುವಿಗೆ ರಿಯಾಯಿತಿ ಇದೆಯೇ? ಫಲಿತಾಂಶ ಯಾರ ಕೈಯಲ್ಲಿ ಉಳಿಯುತ್ತದೆ? ಬಳಿಕ ಮಗುವನ್ನು ಕುಳ್ಳಿರಿಸಿಕೊಂಡು ಆ ಕಾಗದವನ್ನು ಕೊನೆಯವರೆಗೆ ಒಟ್ಟಿಗೆ ಓದಲಿ. ಎಡವಿದರೆ ಮೊದಲು ಅಪ್ಪ ಅಮ್ಮನ ಬಳಿಗೆ ಬರಬಹುದೆಂಬ ಧೈರ್ಯ ಮಗುವಿನಲ್ಲಿದ್ದರೆ, ಶಾಲೆಯ ನಿಯಮಕ್ಕೆ ಬಲ ಬರುತ್ತದೆ.