ಇಂಗ್ಲಿಷ್ ಕಲಿಸಲಿಕ್ಕೆ ಪಾಸ್‌ಪೋರ್ಟ್ ಸಾಕಾ ಮಾರಾಯ್ರೆ?

ಮೊನ್ನೆ ಆದಿತ್ಯವಾರ ಸುಳ್ಯದಿಂದ ದೊಡ್ಡಪ್ಪನ ಫೋನ್ ಬಂತು. ಮಳೆ ಹೇಗುಂಟು, ಅಡಿಕೆಗೆ ಮದ್ದು ಬಿಟ್ಟಾಯಿತಾ ಅಂತೆಲ್ಲ ಮಾತಾಡಿ ಆದ ಮೇಲೆ ಮೆಲ್ಲ ಕೇಳಿದರು, "ಅಲ್ಲ ಮಾರಾಯ್ತಿ, ನೀನು ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೌದಾ? ಅವರಿಗೆ ಬೇರೆ ಯಾರೂ ಸಿಗಲಿಲ್ಲವಾ?"

ಅವರು ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಪಿತ್ತ ನೆತ್ತಿಗೇರಿತು. ಯಾಕೆಂದರೆ ಇದೇ ಪ್ರಶ್ನೆಯನ್ನು ಇಲ್ಲಿ ನಗು ಇಲ್ಲದೆ ಕೇಳುವವರನ್ನು ನೋಡಿ ಸಾಕಾಗಿದೆ. ಹಾಗಾಗಿ ಇವತ್ತು ಸ್ವಲ್ಪ ಜಗಳ. ಬೇಜಾರು ಮಾಡ್ಕೋಬೇಡಿ.

ಮೊದಲು ನನ್ನ ಕತೆ. ನಾನು ಓದಿದ್ದು ಕಡಬದ ಹತ್ತಿರದ ಸರಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ. ಆಗ ಕಡಬ ಇನ್ನೂ ತಾಲೂಕು ಆಗಿರಲಿಲ್ಲ, ಪುತ್ತೂರಿಗೆ ಸೇರಿತ್ತು. ಎಬಿಸಿಡಿಯ ಮುಖ ನೋಡಿದ್ದು ಐದನೇ ಕ್ಲಾಸಿನಲ್ಲಿ. ಸರಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ, ಅಷ್ಟರಲ್ಲಿ ನಮ್ಮದು ಮುಗಿದಿತ್ತು. ಮನೆಯಲ್ಲಿ ಅರೆಭಾಷೆ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಚೆಮನೆಯ ರಬ್ಬರಿನವರ ಹತ್ತಿರ ಅರೆಬರೆ ಮಲಯಾಳ. ಇಂಗ್ಲಿಷ್ ಐದನೆಯದು. ಪುತ್ತೂರಿನಲ್ಲಿ ಡಿಗ್ರಿ, ಆಮೇಲೆ ಬಿ.ಎಡ್., ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಟೀಚರ್. ಈಗ ಎರಡನೇ ವರ್ಷ ದಕ್ಷಿಣ ಕೊರಿಯಾದ ಒಂದು ಸಣ್ಣ ಪೇಟೆಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ.

ಬಂದ ಹೊಸತರಲ್ಲಿ ಕಷ್ಟ ಆಗಲಿಲ್ಲವಾ ಅಂತ ಎಲ್ಲರೂ ಕೇಳ್ತಾರೆ. ಚಳಿ ಕಷ್ಟ ಆಯಿತು. ಕುಚ್ಚಲಕ್ಕಿ ಇಲ್ಲದ್ದು ಇನ್ನೂ ಕಷ್ಟ. ಆದರೆ ಇವರೂ ಚಪ್ಪಲಿ ಹೊರಗೆ ಬಿಟ್ಟೇ ಮನೆಯೊಳಗೆ ಬರುವವರು, ಅನ್ನ ಉಣ್ಣುವವರು, ಜ್ವರ ಬಂದರೆ ಗಂಜಿ ಕುಡಿಯುವವರು. ನೆಲದಡಿಯಿಂದ ಬೆಚ್ಚಗೆ ಮಾಡುವ ವ್ಯವಸ್ಥೆ ಮನೆಮನೆಗೂ ಉಂಟು, ನೆಲದಲ್ಲೇ ಮಲಗಬಹುದು. ಅಪ್ಪನಿಗೆ ಅಪ್ಪ, ಅಮ್ಮನಿಗೆ ಒಮ್ಮ ಅನ್ನುತ್ತಾರೆ. (ಹಾಗಂತ ಎರಡೂ ಒಂದೇ ಭಾಷೆಯಿಂದ ಹುಟ್ಟಿದ್ದು ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ!) ಆರು ತಿಂಗಳಲ್ಲಿ ಊರು ಒಗ್ಗಿತು. ಒಗ್ಗದೆ ಉಳಿದದ್ದು ಒಂದೇ ಶಬ್ದ, 'ವೊನೊಮಿನ್'. ನೇಟಿವ್ ಸ್ಪೀಕರ್ ಅಂತ ಅರ್ಥ.

ಇಲ್ಲಿನ ನಿಯಮ ಏನು ಗೊತ್ತಾ? ಇಂಗ್ಲಿಷ್ ಕಲಿಸುವ ಇ-2 ವೀಸಾ ಸಿಗುವುದು ಮುಖ್ಯವಾಗಿ ಏಳು ದೇಶದವರಿಗೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅವರಿಗೆ ಯಾವ ವಿಷಯದಲ್ಲಾದರೂ ಒಂದು ಡಿಗ್ರಿ ಇದ್ದರೆ ದಾರಿ ಉಂಟು. ಭಾರತದವರಿಗೆ ಒಂದು ಸಣ್ಣ ಬಾಗಿಲು ತೆರೆದದ್ದು ಭಾರತ ಮತ್ತು ಕೊರಿಯಾ 2009ರಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದಿಂದ. ಅದು ಜಾರಿಗೆ ಬಂದದ್ದು 2010ರ ಜನವರಿ 1ಕ್ಕೆ. ಆದರೆ ನಮಗೆ ಡಿಗ್ರಿ ಮಾತ್ರ ಸಾಲದು, ಇಂಗ್ಲಿಷ್ ಶಿಕ್ಷಕರ ಅರ್ಹತಾ ಪತ್ರವೂ ಬೇಕು. ಇಷ್ಟಾಗಿ ಕೊಡುವುದು ಶಾಲೆಯಲ್ಲಿ ಸಹಾಯಕರ ಕೆಲಸ.

ಕಲಿಸಲು ಬರುವವರಿಗೆ ಶಿಕ್ಷಕರ ಅರ್ಹತೆ ಕೇಳುವುದು ತಪ್ಪಲ್ಲ. ಅದು ಸರಿಯಾದ ನಿಯಮವೇ. ನನ್ನ ತಕರಾರು ಇಷ್ಟೇ, ಅದು ನಮಗೆ ಮಾತ್ರ ಯಾಕೆ? ದಕ್ಷಿಣ ಆಫ್ರಿಕಾದ ಜನಗಣತಿ ಪ್ರಕಾರ ಅಲ್ಲಿ ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೂ ಆ ಪಾಸ್‌ಪೋರ್ಟ್ ನಡೆಯುತ್ತದೆ. ಅವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ತೋರಿಸಬೇಕು, ನಿಜ. ಹಾಗೆ ಓದಿದವರು ನಮ್ಮಲ್ಲಿ ಇಲ್ಲವಾ? ಅಂದರೆ ನೋಡುವುದು ಭಾಷೆಯನ್ನಲ್ಲ, ಪಾಸ್‌ಪೋರ್ಟನ್ನು.

ನಾನು ಹೊರಡುವ ಮೊದಲು ಒಂದು ಏಜೆನ್ಸಿಯವರು ನನ್ನ ಪರಿಚಯದ ವಿಡಿಯೋ ಮಾಡಿಸಿದರು. ಮಾತೃಭಾಷೆ ಯಾವುದು ಅಂತ ಹೇಳಬೇಡಿ, ಸ್ವಲ್ಪ ಅಮೆರಿಕನ್ ರಾಗ ಬರಲಿ ಅಂದರು. ನಾಚಿಕೆಯ ಸಂಗತಿ ಏನು ಗೊತ್ತಾ, ನಾನು ಹಾಗೇ ಮಾಡಿದೆ. ಕೆಲಸ ಬೇಕಿತ್ತಲ್ಲ. ಮೊದಲ ಮೂರು ತಿಂಗಳು ಕ್ಲಾಸಿನಲ್ಲೂ ಅದೇ ಕಟ್ಟಿದ ದನಿ. ರಾತ್ರಿ ಗಂಟಲು ನೋವು.

ಅದು ಬಿಟ್ಟುಹೋದದ್ದು ಒಬ್ಬ ಹುಡುಗನಿಂದ. ನಾಲ್ಕನೇ ಕ್ಲಾಸು. ಅವನು ಕಾಫಿಗೆ 'ಕೊಪಿ' ಅನ್ನುತ್ತಾನೆ, ಬಸ್ಸಿಗೆ 'ಬೊಸು'. ನನ್ನ ಜೊತೆ ಕೆಲಸ ಮಾಡುವ ಕೆನಡಾದವರು ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ದೂರಿಲ್ಲ. ಆದರೆ ಅವರಿಗೆ ಗೊತ್ತಿದ್ದ ಉಪಾಯ ಒಂದೇ, "ಕೇಳು, ನಾನು ಹೇಳಿದ ಹಾಗೆ ಹೇಳು." ಹುಡುಗ ಹತ್ತು ಸಲ ಕೇಳಿದ, ಹತ್ತು ಸಲವೂ ಕೊಪಿ ಅಂದ, ಕಡೆಗೆ ಕಣ್ಣಲ್ಲಿ ನೀರು. ನನಗೆ ನನ್ನ ಅಜ್ಜಿ ನೆನಪಾದರು. ಅವರೂ 'ಕಾಪಿ' ಅಂತಲೇ ಹೇಳುತ್ತಿದ್ದದ್ದು! ನಮ್ಮ ಹಾಗೆ ಇವರ ಭಾಷೆಯಲ್ಲೂ ಆ ಶಬ್ದ ಇಲ್ಲ. ನಾವು ಬಸ್ಸಿಗೆ ಉಕಾರ ಅಂಟಿಸಿದ ಹಾಗೆ ಅವರೂ ಅಂಟಿಸುತ್ತಾರೆ. ಹುಡುಗನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಡಲು ಹೇಳಿದೆ. ಐದನೇ ಕ್ಲಾಸಿನಲ್ಲಿ ನನ್ನ ಟೀಚರ್ ನನಗೆ ಕಲಿಸಿದ್ದು ಹಾಗೇ. ಐದು ನಿಮಿಷದಲ್ಲಿ ಬಂತು.

ಆಮೇಲೆ ಎಲ್ಲ ಕಡೆ ನಮ್ಮ ಊರೇ ಕಾಣಲು ಶುರುವಾಯಿತು. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಕನ್ನಡದಲ್ಲೂ ಹೌದು, ಕೊರಿಯನ್ನಿನಲ್ಲೂ ಹೌದು. ವಿಭಕ್ತಿ ಎರಡರಲ್ಲೂ ನಾಮಪದದ ಬಾಲಕ್ಕೆ. ಹಿರಿಯರ ಹತ್ತಿರ ಮಾತಾಡುವಾಗ ಕ್ರಿಯಾಪದದ ರೂಪ ಬದಲು. ಇಂಗ್ಲಿಷಿನ 'ಎ' ಮತ್ತು 'ದಿ' ಎರಡು ಭಾಷೆಯಲ್ಲೂ ಇಲ್ಲ. ಹಾಗಾಗಿ ಕೊರಿಯಾದ ಮಗು 'ಐ ಸಾ ಡಾಗ್' ಅಂದರೆ ಅದು ಯಾಕೆ ಹಾಗಂದಿತು ಅಂತ ನನಗೆ ಗೊತ್ತು. ಹುಟ್ಟಿನಿಂದ ಇಂಗ್ಲಿಷ್ ಮಾತ್ರ ಮಾತಾಡಿದವರಿಗೆ ಅದು ಬರೀ ತಪ್ಪು. ನನಗೆ ಅದು ನಾನೇ ಎಡವಿದ ಕಲ್ಲು.

ನೇಟಿವ್‌ಗಳ ಉಚ್ಚಾರ ಮಕ್ಕಳ ಕಿವಿಗೆ ಬೀಳಬೇಡವಾ ಅಂತ ಕೇಳುವವರಿದ್ದಾರೆ. ಬೀಳಬೇಕು. ಅದಕ್ಕೆ ಯೂಟ್ಯೂಬ್ ಉಂಟು, ಸಿನಿಮಾ ಉಂಟು. ಕಲಿಸುವುದು ಬೇರೆ ಕೆಲಸ. ನಮಗೆಲ್ಲ ಕನ್ನಡ ಬರುತ್ತದೆ. ನಾಳೆ ಒಬ್ಬ ಕೊರಿಯಾದವನಿಗೆ 'ಹೋಗುತ್ತೇನೆ' ಮತ್ತು 'ಹೋಗುವೆನು' ನಡುವಿನ ವ್ಯತ್ಯಾಸ ಹೇಳಿಕೊಡಿ ನೋಡುವ!

ನಮ್ಮ ಜಿಲ್ಲೆಯ ಚರಿತ್ರೆಯನ್ನಾದರೂ ನೋಡಿ. ಮಂಗಳೂರಿಗೆ 1834ರಲ್ಲಿ ಬಂದು ಶಾಲೆ ಕಟ್ಟಿದ ಬಾಸೆಲ್ ಮಿಶನ್‌ನವರು ಜರ್ಮನ್ ಮಾತಾಡುವವರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುಮಾಡಿದ್ದು ಇಟಲಿಯ ಜೆಸ್ವಿಟ್ ಪಾದ್ರಿಗಳು. ಅಂದರೆ ನಮಗೆ ಇಂಗ್ಲಿಷ್ ಶಿಕ್ಷಣ ತಂದವರಲ್ಲಿ ಇಂಗ್ಲಿಷನ್ನು ಕಲಿತು ಬಂದವರೇ ಎಷ್ಟು ಜನ! ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತಂದದ್ದು ಮೋಗ್ಲಿಂಗ್, ನಿಘಂಟು 1894ರಲ್ಲಿ ಅಚ್ಚಾದದ್ದು ಕಿಟೆಲ್‌ರದ್ದು. ನೀವು ನೇಟಿವ್ ಅಲ್ಲ, ನಿಮ್ಮ ನಿಘಂಟು ಬೇಡ ಅಂತ ಯಾರಾದರೂ ಕಿಟೆಲ್‌ಗೆ ಹೇಳಿದ್ದುಂಟಾ? ಪ್ರತಿಮೆ ನಿಲ್ಲಿಸಿದೆವು. ಒಳ್ಳೆಯದೇ ಮಾಡಿದೆವು.

ಇಷ್ಟು ಹೊತ್ತು ಕೊರಿಯಾದವರನ್ನು ಬೈದದ್ದಾಯಿತು. ಈಗ ನಮ್ಮವರ ಸರದಿ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಹಳ್ಳಿಯ ಸರಕಾರಿ ಶಾಲೆಯನ್ನು ದಾಟಿಕೊಂಡು ವ್ಯಾನುಗಳು ಮಕ್ಕಳನ್ನು ತುಂಬಿಸಿ ಪೇಟೆಗೆ ಬರುತ್ತವೆ. ಅಡಿಕೆ ಮಾರಿದ ಹಣ, ಸಾಲದ ಹಣ ಫೀಸಿಗೆ. ಯಾಕೆ ಅಂದರೆ, "ಅಲ್ಲಿ ಇಂಗ್ಲಿಷ್ ಟೀಚರಿಗೆ ಕನ್ನಡದ ವಾಸನೆಯೇ ಇಲ್ಲ ಮಾರಾಯ್ರೆ!" ಇದೂ ವೊನೊಮಿನ್ ರೋಗವೇ ಅಲ್ಲವಾ? ಆ ಟೀಚರಿಗೆ ಕಲಿಸಲು ಬರುತ್ತದಾ ಅಂತ ಕೇಳುವವರು ಯಾರು? ಹಳ್ಳಿ ಶಾಲೆಯಲ್ಲಿ ವರ್ಷವರ್ಷವೂ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲದೆ ದುಡಿಯುವ ಅತಿಥಿ ಶಿಕ್ಷಕಿ, ಮೂರು ಭಾಷೆಯ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ ನಾಲ್ಕನೆಯದನ್ನು ಕಲಿಸುತ್ತಾಳಲ್ಲ, ಅವಳ ಇಂಗ್ಲಿಷ್ ನಮಗೆ 'ಬಟ್ಲರ್ ಇಂಗ್ಲಿಷ್'.

ನಾನೂ ಸಾಚಾ ಅಲ್ಲ. ಸುಳ್ಯದಲ್ಲಿದ್ದಾಗ 'ಇಸ್ಕೂಲು' ಅಂದ ಒಬ್ಬ ಹುಡುಗಿಯನ್ನು ಇಡೀ ಕ್ಲಾಸಿನ ಎದುರು ಆಡಿಕೊಂಡಿದ್ದೆ. ಅವಳು ಆ ವರ್ಷ ಪೂರ್ತಿ ನನ್ನ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ನಾಲಿಗೆ ಯಾಕೆ ಅಲ್ಲಿ ಇಕಾರ ಸೇರಿಸುತ್ತದೆ ಅಂತ ಹೇಳಿಕೊಡಲು ನನಗೆ ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷದ ಸಾಲವನ್ನು ಈಗ ಕೊರಿಯಾದ ಮಕ್ಕಳಿಗೆ ತೀರಿಸುತ್ತಿದ್ದೇನೆ. ಅವಳಿಗೆ ಸಿಗಬೇಕಾದ್ದು ಅವಳಿಗೆ ಸಿಗಲಿಲ್ಲ.

ಹೀಗೆ ಹೊರದೇಶಕ್ಕೆ ಕಲಿಸಲು ಹೊರಟಿರುವ ನಮ್ಮೂರ ತಂಗಿ-ತಮ್ಮಂದಿರಿಗೆ ನನ್ನದೊಂದು ಮಾತು. ರಾಗ ಕಟ್ಟಬೇಡಿ, ಸ್ಪಷ್ಟವಾಗಿ ಮಾತಾಡಿದರೆ ಸಾಕು. ಮಾತೃಭಾಷೆ ಯಾವುದು ಅಂತ ಕೇಳಿದರೆ ತುಳು, ಅರೆಭಾಷೆ, ಬ್ಯಾರಿ, ಏನಿದೆಯೋ ಅದನ್ನು ಹೇಳಿ. ಊರಿನಲ್ಲಿರುವವರಿಗೂ ಒಂದು ಮಾತು. ಮುಂದಿನ ಸಲ ಮಗುವನ್ನು ಶಾಲೆಗೆ ಸೇರಿಸುವಾಗ ಟೀಚರ್ ಹೇಗೆ ಮಾತಾಡುತ್ತಾರೆ ಅಂತ ಮಾತ್ರ ಕೇಳಬೇಡಿ. ಮಗು ತಪ್ಪಿದಾಗ ಏನು ಮಾಡುತ್ತಾರೆ ಅಂತ ಕೇಳಿ.

ದೊಡ್ಡಪ್ಪನಿಗೆ ಬರುವ ಆದಿತ್ಯವಾರ ಉತ್ತರ ಕೊಡುತ್ತೇನೆ. ಬೇರೆಯವರು ಸಿಕ್ಕಿದ್ದಾರೆ ದೊಡ್ಡಪ್ಪ, ಕೆನಡಾದವರೇ ಇದ್ದಾರೆ. ಕೊಪಿಯನ್ನು ಕಾಫಿ ಮಾಡಲಿಕ್ಕೆ ಮಾತ್ರ ಕಡಬದವಳು ಬೇಕಾಯಿತು.

ನೀವೇನಂತೀರಿ?